ಲ್ಯಾಪ್‌ಟಾಪ್‌ಗೆ ಇನ್ನೊಂದು ಮಾನಿಟರ್ ಹಾಕಿದ ಮೇಲೆ ಮೌಸ್ ಬಾಣ ಮಾಯವಾಗುತ್ತಿದೆಯೇ? ಮೊದಲು ಸ್ಕೇಲ್ ನೋಡಿ

ಬಿಲ್ಲಿಂಗ್ ಕೌಂಟರ್, ಡಿಟಿಪಿ ಸೆಂಟರ್, ಜೆರಾಕ್ಸ್ ಅಂಗಡಿಗಳಲ್ಲಿ ಲ್ಯಾಪ್‌ಟಾಪ್‌ಗೆ ದೊಡ್ಡ ಮಾನಿಟರ್ ಜೋಡಿಸಿಕೊಂಡವರಿಗೆ ಈ ತಲೆನೋವು ಗೊತ್ತೇ ಇರುತ್ತೆ. ಒಂದು ಪರದೆಯಿಂದ ಇನ್ನೊಂದಕ್ಕೆ ದಾಟುವಾಗ ಮೌಸ್ ಬಾಣ ಕಾಣೆಯಾಗುತ್ತದೆ, ಇಲ್ಲವೇ ಇದ್ದಕ್ಕಿದ್ದಂತೆ ದಪ್ಪವಾಗುತ್ತದೆ. ಎಷ್ಟೋ ಸಲ ಮೌಸ್‌ನಲ್ಲಿ ದೋಷವೇ ಇರುವುದಿಲ್ಲ.

ಅಕ್ಷರ, ಐಕಾನ್ ಎಷ್ಟು ದೊಡ್ಡದಾಗಿ ಕಾಣಬೇಕು ಎಂಬ ಲೆಕ್ಕಕ್ಕೆ ಸ್ಕೇಲ್ ಅಂತಾರೆ. ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಇದು ಹೆಚ್ಚಾಗಿ ಶೇ. 125 ಅಥವಾ 150 ಇರುತ್ತದೆ, ಹೊರಗಿನ ಮಾನಿಟರ್‌ನಲ್ಲಿ ಶೇ. 100. ಬಾಣ ಗಡಿ ದಾಟಿದಾಗಲೆಲ್ಲ ಅದರ ಗಾತ್ರ ಬದಲಾಗಬೇಕು. ಸಾಮಾನ್ಯವಾಗಿ ಗ್ರಾಫಿಕ್ಸ್ ಚಿಪ್ ಬಾಣವನ್ನು ಉಳಿದ ಚಿತ್ರದ ಮೇಲೆ ಬೇರೆ ಪದರವಾಗಿ ತೋರಿಸುತ್ತದೆ. ಅಲ್ಲಿ ಡ್ರೈವರ್ ಎಡವಿದರೆ ಬಾಣ ಕಾಣುವುದಿಲ್ಲ, ಆದರೆ ಕ್ಲಿಕ್ ಮಾತ್ರ ಬೀಳುತ್ತಲೇ ಇರುತ್ತೆ. ಅಪಾಯ ಇರುವುದೇ ಇಲ್ಲಿ. ಗಿರಾಕಿ ಕಾಯ್ತಿದ್ದಾರೆ ಅಂತ ಅಂದಾಜಿನ ಮೇಲೆ ಒತ್ತಿದರೆ ಬಿಲ್ಲೇ ಅಳಿಸಿ ಹೋಗಬಹುದು.

ಹಾಗಾಗಿ ಮೌಸ್ ಬಿಟ್ಟು ಕೀಬೋರ್ಡ್ ಹಿಡಿಯಿರಿ. ಟ್ಯಾಲಿಯಲ್ಲಿ ಕಂಟ್ರೋಲ್ ಮತ್ತು ಎ, ವರ್ಡ್, ಎಕ್ಸೆಲ್‌ನಲ್ಲಿ ಕಂಟ್ರೋಲ್ ಮತ್ತು ಎಸ್ ಒತ್ತಿ ಸೇವ್ ಮಾಡಿ. ಪವರ್ ಬಟನ್ ಅದುಮಿ ಹಿಡಿಯುವ ಅಭ್ಯಾಸ ಬೇಡ, ಸೇವ್ ಆಗದ್ದೆಲ್ಲ ಹೋಗುತ್ತೆ. ಆಮೇಲೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಪರದೆ ಒಮ್ಮೆ ಮಿನುಗಿ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ, ತೆರೆದ ಕೆಲಸ ಹಾಗೇ ಉಳಿಯುತ್ತದೆ.

ಇದು ಆ ಹೊತ್ತಿನ ಪರಿಹಾರ ಅಷ್ಟೇ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಎರಡೂ ಪರದೆಗೆ ಒಂದೇ ಸ್ಕೇಲ್ ಇಟ್ಟು ನೋಡಿ. ಶೇ. 100 ಇಟ್ಟರೆ ಲ್ಯಾಪ್‌ಟಾಪ್ ಅಕ್ಷರ ಓದಲು ಕಷ್ಟ, ಕನ್ನಡಕದ ಯಜಮಾನರು ಬೈತಾರೆ. ಎರಡಕ್ಕೂ 125 ಇಡುವುದು ವಾಸಿ. ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟ್‌ನಿಂದ ಗ್ರಾಫಿಕ್ಸ್ ಡ್ರೈವರ್ ಕೂಡ ಅಪ್‌ಡೇಟ್ ಮಾಡಿ.

ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಮೌಸ್ ವಿಭಾಗದಲ್ಲಿ ಪಾಯಿಂಟರ್ ಆಪ್ಷನ್ಸ್ ತೆರೆದು 'ಪಾಯಿಂಟರ್ ಟ್ರೇಲ್ಸ್' ಆನ್ ಮಾಡಿ, ಉದ್ದ ಕನಿಷ್ಠಕ್ಕಿಡಿ. ಬಾಣದ ಹಿಂದೆ ಸಣ್ಣ ಬಾಲ ಬರುತ್ತೆ, ಆದರೆ ಬಾಣ ಮೂಡಿಸುವ ವಿಧಾನವೇ ಬದಲಾಗುವುದರಿಂದ ಹಲವೆಡೆ ಇದು ಕೆಲಸ ಮಾಡುತ್ತದೆ. ಟೈಪ್ ಮಾಡುವಾಗಷ್ಟೇ ಬಾಣ ಮಾಯವಾಗುತ್ತಿದ್ದರೆ ಅದು ದೋಷವಲ್ಲ. 'ಹೈಡ್ ಪಾಯಿಂಟರ್ ವೈಲ್ ಟೈಪಿಂಗ್' ಎಂಬ ಟಿಕ್ ಅಲ್ಲೇ ಇದೆ, ತೆಗೆದರಾಯ್ತು.

ಹೊಸ ಮೌಸ್ ಕೊಳ್ಳುವ ಮುನ್ನ ವಿಂಡೋಸ್ ಮತ್ತು ಪಿ ಒತ್ತಿ 'ಪಿಸಿ ಸ್ಕ್ರೀನ್ ಓನ್ಲಿ' ಆರಿಸಿ. ಒಂದೇ ಪರದೆಯಲ್ಲೂ ಬಾಣ ತಪ್ಪಿಸಿಕೊಳ್ಳುತ್ತಿದ್ದರೆ ಆಗ ಮೌಸ್, ಅದರ ಕೇಬಲ್ ಅಥವಾ ಬ್ಯಾಟರಿ ಪರೀಕ್ಷಿಸಿ.