ಅಲುಗದ ಬೆಳಕಿನ ಚರಿತ್ರೆ

ದೀಪಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಪ್ರಕಾಶದ ಅಳತೆಗೋಲನ್ನೇ ಹಿಡಿದು ಬರೆದಿದ್ದಾರೆ. ಹರಳೆಣ್ಣೆಯ ಹಣತೆಗಿಂತ ಸೀಮೆಎಣ್ಣೆಯ ಲಾಂದ್ರ ಹೆಚ್ಚು ಬೆಳಗಿತು, ಲಾಂದ್ರಕ್ಕಿಂತ ಗ್ಯಾಸ್‌ಲೈಟು, ಅದಕ್ಕಿಂತ ವಿದ್ಯುದ್ದೀಪ; ಹೀಗೆ ಕತ್ತಲೆಯು ಹೆಜ್ಜೆಹೆಜ್ಜೆಗೂ ಹಿಂಜರಿಯಿತೆಂಬ ಈ ವಿಜಯವೃತ್ತಾಂತದಲ್ಲಿ ಅಸತ್ಯವೇನೂ ಇಲ್ಲ. ಆದರೆ ಬೆಳಕಿಗೆ ಪ್ರಮಾಣವಲ್ಲದೆ ಸ್ವಭಾವವೆಂಬುದೂ ಒಂದುಂಟು. ಅದು ನಿಂತಲ್ಲಿ ನಿಲ್ಲುವುದೋ ಕಂಪಿಸುವುದೋ, ಹೇಳಿದ ಹೊತ್ತಿಗೆ ಬಂದು ಹೇಳಿದ ಹೊತ್ತಿಗೆ ಹೋಗುವುದೋ, ಇಲ್ಲವೆ ಮುನ್ಸೂಚನೆಯಿಲ್ಲದೆ ಕೈಬಿಡುವುದೋ ಎಂಬ ವಿಚಾರಕ್ಕೆ ಅಂತಹ ಗ್ರಂಥಗಳಲ್ಲಿ ದೊರೆಯುವ ಸ್ಥಳ ಬಹಳ ಕಡಮೆ. ನನಗಾದರೋ ಅದೇ ಮುಖ್ಯ ವಿಷಯ. ಬಾಲ್ಯದಿಂದಲೂ ದೀಪಗಳಲ್ಲಿ ತೀರದ ಆಸಕ್ತಿಯುಳ್ಳವನೂ, ನಡುವಯಸ್ಸಿನಲ್ಲಿ ವೈದ್ಯರ ಬಾಯಿಂದ ಆಟಿಸಂ ಮತ್ತು ಆತಂಕವೆಂಬ ಎರಡು ಹೆಸರುಗಳನ್ನು ಒಟ್ಟಿಗೆ ಪಡೆದವನೂ ಆದ ನಾನು, ಯಾವ ಮನೆಗೆ ಕಾಲಿಟ್ಟರೂ ಮನುಷ್ಯರ ಮುಖಕ್ಕಿಂತ ಮೊದಲು ಅಲ್ಲಿಯ ದೀಪವನ್ನು ನೋಡುತ್ತೇನೆ. ಬಂಧುಗಳು ಇದನ್ನು ಬಹುಕಾಲ ಅವಿನಯವೆಂದೇ ಎಣಿಸಿದ್ದರು. ನನ್ನ ಮಟ್ಟಿಗೆ ಅದು ಹೊಳೆ ದಾಟುವವನು ಕೋಲೂರಿ ಆಳ ನೋಡಿಕೊಳ್ಳುವಂತಹ ಎಚ್ಚರ.

ನಮ್ಮ ನಾಡಿನ ಶಾಸನಗಳನ್ನು ತಿರುವಿಹಾಕಿದವರಿಗೆ ನಂದಾದೀವಿಗೆಯ ದತ್ತಿಗಳು ಹೊಸತಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿಯೂ ಹೊಯ್ಸಳರ ಕಾಲದಲ್ಲಿಯೂ ಕೆತ್ತಿಸಿದ ಕಲ್ಲುಗಳಲ್ಲಿ, ದೇವರ ಮುಂದೆ ಹಗಲಿರುಳೂ ಆರದೆ ಉರಿಯಬೇಕಾದ ದೀಪಕ್ಕಾಗಿ ಭೂಮಿಯನ್ನೋ ಹೊನ್ನನ್ನೋ ಗಾಣದ ಎಣ್ಣೆಯನ್ನೋ ಬಿಟ್ಟುಕೊಟ್ಟವರ ಹೆಸರುಗಳು ಮತ್ತೆ ಮತ್ತೆ ಕಾಣಸಿಗುತ್ತವೆ. ತೆಲ್ಲಿಗರ ಐವತ್ತೊಕ್ಕಲೆಂದು ಕರೆಯಿಸಿಕೊಂಡ ಎಣ್ಣೆಗಾರರ ಸಂಘವು ಗಾಣವೊಂದಕ್ಕೆ ಇಷ್ಟೆಂದು ಲೆಕ್ಕ ಹಾಕಿ ಸೊಡರೆಣ್ಣೆಯನ್ನು ಕೊಡಲೊಪ್ಪುತ್ತಿತ್ತು; ಆ ಒಪ್ಪಂದವು ಚಂದ್ರಸೂರ್ಯರಿರುವವರೆಗೂ ನಡೆಯತಕ್ಕದ್ದೆಂದು ಬರೆಯಿಸಲ್ಪಡುತ್ತಿತ್ತು; ಕಟ್ಟಕಡೆಗೆ, ಈ ಧರ್ಮವನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಗುರಿಯಾಗಲೆಂಬ ಶಾಪವೂ ಇರುತ್ತಿತ್ತು. ಎಣ್ಣೆ ಎಲ್ಲಿಂದ ಬರಬೇಕು, ಯಾರು ಕೊಡಬೇಕು, ಎಷ್ಟು ಕೊಡಬೇಕು, ಕೊಡದಿದ್ದರೆ ಏನಾಗಬೇಕು ಎಂಬುದೆಲ್ಲವನ್ನೂ ಮೊದಲೇ ಯೋಚಿಸಿ ಕಲ್ಲಿನಲ್ಲಿ ಬರೆಯಿಸಿಟ್ಟ ಈ ಏರ್ಪಾಡನ್ನು ಓದುವಾಗ, ನಾಳೆ ಏನು ಕೆಟ್ಟುಹೋದೀತೆಂದು ಪ್ರತಿರಾತ್ರಿಯೂ ಮನಸ್ಸಿನಲ್ಲಿಯೇ ಪಟ್ಟಿ ಮಾಡುವ ನನಗೆ ಅತ್ಯಂತ ಸಮಾಧಾನವಾಗುತ್ತದೆ. ಗರ್ಭಗುಡಿಯಲ್ಲಿ ಬತ್ತಿ ಹೊಸೆದು ಎಣ್ಣೆ ಎರೆಯುತ್ತಿದ್ದವರ ನಡುವೆ ನನ್ನ ಬಗೆಯ ಮನಸ್ಸಿನವರೂ ಇದ್ದರೇ ಎಂದು ಊಹಿಸುವ ಚಾಪಲ್ಯವುಂಟಾದರೂ, ಗತಿಸಿದವರ ನಾಡಿ ಹಿಡಿದು ರೋಗನಿರ್ಣಯ ಮಾಡುವ ಈಚಿನ ಹವ್ಯಾಸ ನನಗೆ ಒಪ್ಪಿತವಲ್ಲ. ದಿನವೂ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ, ಮಾತಿಲ್ಲದೆ ಮಾಡಿ ಮುಗಿಸಬಹುದಾದ ಗೌರವದ ಉದ್ಯೋಗವೊಂದು ಆ ಸಮಾಜದಲ್ಲಿತ್ತೆಂಬುದಷ್ಟೇ ನಿಜ.

ಗುಡಿಯೊಳಗಿನ ದೀಪ ಗಾಳಿಯಿಲ್ಲದೆಡೆಯಲ್ಲಿ ನಿಂತು ಉರಿದರೆ, ಬಯಲಿನ ದೀಪದ ಧರ್ಮವೇ ಬೇರೆ. ಕರಾವಳಿಯ ಯಕ್ಷಗಾನವು ದೀರ್ಘಕಾಲ ಹಿಲಾಲಿನ ಮತ್ತು ದೊಂದಿಯ ಬೆಳಕಿನಲ್ಲಿ ನಡೆದ ಕಲೆ. ರಂಗಸ್ಥಳದ ಇಕ್ಕೆಲಗಳಲ್ಲಿ ಎಣ್ಣೆಯುಂಡ ಬಟ್ಟೆಯ ಪಂಜುಗಳು ಉರಿಯುತ್ತಿದ್ದಾಗ, ವೇಷದ ಕೆಂಪು ಹಳದಿ ಬಣ್ಣಗಳೂ, ಮರದ ಆಭರಣಗಳ ಮೇಲೆ ಅಂಟಿಸಿದ ಬೇಗಡೆಯೂ, ಕಿರೀಟದ ಕನ್ನಡಿಚೂರುಗಳೂ ಆ ಜ್ವಾಲೆಯೊಡನೆಯೇ ಕುಣಿಯುತ್ತಿದ್ದವು. ಆ ವೇಷಭೂಷಣಗಳು ಬೆಂಕಿಯ ಬೆಳಕಿನಲ್ಲಿ ನೋಡಲೆಂದೇ ರೂಪುಗೊಂಡವು. ಬಿಳಿಯ ಟ್ಯೂಬ್‌ಲೈಟಿನ ಕೆಳಗೆ ಅದೇ ಬೇಗಡೆ ಪೇಲವವಾಗಿ ಕಾಣುವುದನ್ನು ರಸಿಕರನೇಕರು ಗಮನಿಸಿ ಮರುಗಿದ್ದುಂಟು, ಈಗಲೂ ಕೆಲವೆಡೆ ಹಠ ಹಿಡಿದು ದೊಂದಿಬೆಳಕಿನ ಆಟವನ್ನು ಏರ್ಪಡಿಸುವವರುಂಟು. ಜ್ವಾಲೆಯೂ ಕಂಪಿಸುತ್ತದೆಯಲ್ಲ, ಅದು ನಿನ್ನನ್ನು ಬಾಧಿಸದೇ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟು: ಬೆಂಕಿಯ ಓಲಾಟ ನಿಧಾನವಾದುದು, ಕಣ್ಣಿಗೆ ಕಾಣುವಂತಹುದು, ಗಾಳಿಯೆಂಬ ಕಾರಣವುಳ್ಳದ್ದು, ಕಾರಣ ತಿಳಿದ ಚಲನೆ ನನ್ನನ್ನು ಹೆದರಿಸುವುದಿಲ್ಲ.

ದೊಂದಿಗೂ ವಿದ್ಯುತ್ತಿಗೂ ನಡುವೆ ಪೆಟ್ರೋಮ್ಯಾಕ್ಸಿನದೊಂದು ಯುಗ ಕಳೆಯಿತು. ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಆವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಕಂಡುಹಿಡಿದ ಮ್ಯಾಂಟಲ್ ಎಂಬ ಬಲೆಯು, ಬತ್ತಿಯ ಕೆಂಬೆಳಕನ್ನು ಬೆಳ್ಬೆಳಕಾಗಿ ಮಾರ್ಪಡಿಸಿತು. ಸೀಮೆಎಣ್ಣೆಯನ್ನು ಒತ್ತಡದಿಂದ ಆವಿಯಾಗಿಸಿ ಆ ಬಲೆಯನ್ನು ಕಾಯಿಸುವ ಜರ್ಮನಿಯ ದೀಪವು ನಮ್ಮ ಹಳ್ಳಿಗಳಲ್ಲಿ ಗ್ಯಾಸ್‌ಲೈಟೆಂಬ ಹೆಸರು ಪಡೆದು, ಮದುವೆಯ ಮೆರವಣಿಗೆಗಳಲ್ಲಿ ಹೊರುವವರ ತಲೆಯ ಮೇಲೇರಿ ಸಾಗಿತು. ಮೊದಲು ಸ್ಪಿರಿಟ್ಟನ್ನು ಉರಿಸಿ ಕಾಯಿಸಬೇಕು, ಆಮೇಲೆ ಗಾಳಿ ಹಾಕಬೇಕು, ಒತ್ತಡ ಇಳಿದಂತೆ ಬೆಳಕೂ ಕುಂದುವುದರಿಂದ ನಡುನಡುವೆ ಮತ್ತೆ ಗಾಳಿ ಹಾಕಬೇಕು. ಉರಿಯುವಷ್ಟು ಹೊತ್ತೂ ಅದು ಒಂದೇ ಶ್ರುತಿಯಲ್ಲಿ ಬುಸುಗುಡುತ್ತಿರುತ್ತದೆ. ನಾನು ಬಾಲ್ಯದಲ್ಲಿ ಮದುವೆಮನೆಗಳ ಗದ್ದಲವನ್ನು ತಾಳಲಾರದೆ ಗ್ಯಾಸ್‌ಲೈಟಿನವನ ಬಳಿ ಹೋಗಿ ಕುಳಿತುಬಿಡುತ್ತಿದ್ದೆನು. ಆ ಬುಸುಗುಟ್ಟುವಿಕೆ ಉಳಿದೆಲ್ಲ ಶಬ್ದಗಳಿಗೂ ತೆರೆಯಾಗಿ ನಿಲ್ಲುತ್ತಿತ್ತು. ಅವನು ನನ್ನನ್ನು ಏನೂ ಕೇಳುತ್ತಿರಲಿಲ್ಲ. ಗಾಳಿ ಹಾಕುವ ಹೊತ್ತಾಯಿತೆಂದು ನಾನು ಬೆರಳು ತೋರಿಸಿದರೆ ಹಾಕುತ್ತಿದ್ದನು.

ವಿದ್ಯುತ್ತು ಬರುವವರೆಗೆ ಬೆಂಗಳೂರಿನ ಬೀದಿಗಳಲ್ಲಿ ಇದ್ದುದು ಸೀಮೆಎಣ್ಣೆಯ ದೀಪದ ಕಂಬಗಳು. ಸಂಜೆಯಾಗುತ್ತಲೇ ಕಂಬದಿಂದ ಕಂಬಕ್ಕೆ ನಡೆದು, ಮಸಿ ಹಿಡಿದ ಗಾಜನ್ನೊರಸಿ, ಎಣ್ಣೆ ತುಂಬಿ, ಬತ್ತಿ ಹಚ್ಚುವ ದೀಪದಾಳಿನ ವೃತ್ತಿಯನ್ನು ಅಳಿಸಿದುದು ಕಾವೇರಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯು ಅವರು ತೀರಿಕೊಂಡ ಮರುವರ್ಷ, 1902ರಲ್ಲಿ, ಫಲಿಸಿತು. ಆ ವಿದ್ಯುತ್ತು ಮೊದಲು ಹರಿದದ್ದು ಊರುಗಳ ಕಡೆಗಲ್ಲ. 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳ ಕಡೆಗೆ. ಬೆಂಗಳೂರಿನ ಬೀದಿದೀಪ ಹೊತ್ತಿದುದು 1905ರ ಆಗಸ್ಟ್ 5ರಂದು. ಚಿನ್ನಕ್ಕೆ ಅಗ್ರಪೂಜೆಯೂ ಪ್ರಜೆಗೆ ಅನಂತರದ ಪ್ರಸಾದವೂ ಸಲ್ಲುವ ಈ ಕ್ರಮ ರಾಜ್ಯಗಳ ಲೋಕರೂಢಿಯಾದುದರಿಂದ ಅದನ್ನಿಲ್ಲಿ ಬೆಳೆಸುವುದಿಲ್ಲ.

ನನಗೆ ಹೆಚ್ಚು ಕುತೂಹಲದ ಸಂಗತಿ ಬೇರೊಂದು. ಪರ್ಯಾಯ ವಿದ್ಯುತ್ತು ಸ್ವಭಾವದಿಂದಲೇ ಹಿಂದುಮುಂದಾಗಿ ಹರಿಯುವಂತಹುದು. 1895ರಲ್ಲಿ ನಯಾಗರಾ ಜಲಪಾತದ ಬಳಿ ಕಟ್ಟಿದ ವಿದ್ಯುದಾಗಾರದಲ್ಲಿ ಸೆಕೆಂಡಿಗೆ 25 ಆವರ್ತಗಳೆಂದು ಗೊತ್ತುಮಾಡಿಕೊಂಡರು. ಯಂತ್ರಗಳಿಗೆ ಅದು ಅನುಕೂಲವಾಯಿತು, ಆದರೆ ಅದರಿಂದ ಉರಿದ ದೀಪಗಳು ಮಿನುಗುವುದು ಸಾಮಾನ್ಯರ ಕಣ್ಣಿಗೂ ಕಾಣಬಂತು. ದೀಪಗಳ ನಿಮಿತ್ತ ಆವರ್ತವನ್ನು ಹೆಚ್ಚಿಸಬೇಕಾಯಿತು. ಇಂದು ನಮ್ಮ ದೇಶದಲ್ಲಿ 50, ಅಮೆರಿಕಾದಲ್ಲಿ 60. ಎಂದರೆ, ಒಂದು ಕಾಲಕ್ಕೆ ಎಂಜಿನಿಯರುಗಳು ಸಮಸ್ತ ಜನರ ಕಣ್ಣುಗಳನ್ನೂ ನನ್ನ ಕಣ್ಣುಗಳಂತೆಯೇ ಗೌರವಿಸಿ, ಜಾಲದ ಲೆಕ್ಕಾಚಾರವನ್ನೇ ಬದಲಿಸಿದರು. ಬಹುಜನರಿಗೆ ಕಂಡ ತೊಂದರೆ ದೋಷವೆನಿಸಿತು. ಸ್ವಲ್ಪ ಜನರಿಗೆ ಕಂಡುದು ಮುಂದೆ ಅವರವರ ರೋಗವೆನಿಸಿತು.

ಹಳೆಯ ತಂತಿಬಲ್ಬು ಈ ವಿಷಯದಲ್ಲಿ ಸಜ್ಜನ. ವಿದ್ಯುತ್ತು ಕ್ಷಣಕಾಲ ಕುಗ್ಗಿದರೂ ಕಾದ ತಂತಿ ಅಷ್ಟರಲ್ಲಿ ಆರುವುದಿಲ್ಲವಾದುದರಿಂದ ಬೆಳಕು ಬಹುಮಟ್ಟಿಗೆ ಸಮನಾಗಿ ನಿಲ್ಲುತ್ತದೆ. ಮೈಸೂರಿನ ಅರಮನೆಯ ದೀಪಾಲಂಕಾರ ಕಣ್ಣಿಗೆ ಹಿತವಾಗುವುದರ ಒಂದು ಗುಟ್ಟು ಇದೇ. 1897ರಲ್ಲಿ ಸುಟ್ಟುಹೋದ ಮರದ ಅರಮನೆಯ ಸ್ಥಾನದಲ್ಲಿ ಹೆನ್ರಿ ಇರ್ವಿನ್ನನ ವಿನ್ಯಾಸದಂತೆ ಎದ್ದು 1912ರಲ್ಲಿ ಪೂರ್ಣಗೊಂಡ ಸೌಧದ ಅಂಚಂಚುಗಳನ್ನೂ ಬಲ್ಬುಗಳಿಂದ ಗೆರೆಯೆಳೆದಂತೆ ಬಿಡಿಸಿದ್ದಾರೆ. ಅವುಗಳ ಸಂಖ್ಯೆ ಲಕ್ಷಕ್ಕೆ ತುಸು ಕಡಮೆ. ಭಾನುವಾರದ ಸಂಜೆ ನಿಯಮಿತ ವೇಳೆಗೆ ಅವೆಲ್ಲ ಒಮ್ಮೆಲೇ ಹೊತ್ತಿಕೊಳ್ಳುವ ಕ್ಷಣಕ್ಕಾಗಿ ನಾನು ಎಷ್ಟು ದೂರದಿಂದಲಾದರೂ ಹೋಗಬಲ್ಲೆನು. ದಸರೆಯ ಕಾಲದಲ್ಲಿ ಮಾತ್ರ ಹೋಗಲಾರೆ. ಅಷ್ಟು ಜನ, ಅಷ್ಟು ವಾದ್ಯ, ಹಿಂದಿರುಗುವ ದಾರಿ ಎಲ್ಲಿ ಕಟ್ಟಿಹೋಗುವುದೋ ಎಂಬ ಶಂಕೆ, ಇವೆಲ್ಲವೂ ಸೇರಿದರೆ ಎದೆ ಬಿಗಿದು ಬೆರಳುಗಳು ತಣ್ಣಗಾಗುತ್ತವೆ. ಒಲಿದ ವಸ್ತು ಎದುರಿಗಿದ್ದರೂ ಆಗ ಅದನ್ನು ನೋಡುವ ಕಣ್ಣು ನನ್ನಲ್ಲಿ ಉಳಿದಿರುವುದಿಲ್ಲ. ಬನ್ನಿಮಂಟಪದ ಪಂಜಿನ ಕವಾಯತನ್ನು ನಾನು ಟೆಲಿವಿಷನ್ನಿನಲ್ಲಿಯೇ, ಧ್ವನಿಯನ್ನಡಗಿಸಿ, ನೋಡುವ ಪದ್ಧತಿ.

ಬೆಂಗಳೂರಿನ ಮಲ್ಲೇಶ್ವರದ ಬಳಿ 1936ರಲ್ಲಿ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಪ್ರಾರಂಭವಾಯಿತು. ನಮ್ಮ ನಾಡಿನ ಎಷ್ಟೋ ಮನೆಗಳ ನಡುಮನೆಯಲ್ಲಿ ತೂಗಿದುದು ಅಲ್ಲಿಯ ಬಲ್ಬೇ. ಅದಾದ ಎರಡು ವರ್ಷಗಳಿಗೆ, 1938ರಲ್ಲಿ, ಅಮೆರಿಕಾದಲ್ಲಿ ಪ್ರತಿದೀಪ್ತಿಯ ಕೊಳವೆ ಮಾರಾಟಕ್ಕೆ ಬಂತು. ಅನಂತರದ ದಶಕಗಳಲ್ಲಿ ಅದು ನಮ್ಮ ಶಾಲೆ, ಕಚೇರಿ, ಆಸ್ಪತ್ರೆ, ಕಲ್ಯಾಣಮಂಟಪಗಳನ್ನೆಲ್ಲ ಆವರಿಸಿಕೊಂಡಿತು. ಸ್ಟಾರ್ಟರು ಮಿಟುಕಿ ಮಿಟುಕಿ ತಡವಾಗಿ ಹೊತ್ತುವ ಅದರ ಹೆಸರನ್ನು, ಕೇಳಿದ ಪ್ರಶ್ನೆಗೆ ತಡವಾಗಿ ಉತ್ತರ ಕೊಡುವ ಹುಡುಗರಿಗೆ ಇಡುವ ವಾಡಿಕೆಯೂ ಬೆಳೆಯಿತು; ಆ ಬಿರುದನ್ನು ಹೊತ್ತವರಲ್ಲಿ ನಾನೂ ಒಬ್ಬ. ಹಳೆಯ ಬಗೆಯ ಚೋಕಿನ ಟ್ಯೂಬ್‌ಲೈಟು ನಮ್ಮ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಬಹುಪಾಲು ಜನರು ಅದನ್ನು ಕಾಣುವುದಿಲ್ಲ. ನಾನೂ ಕಾಣುತ್ತೇನೆಂದು ಹೇಳಲಾರೆ. ಆದರೆ ಅದರ ಕೆಳಗೆ ಬಹಳ ಹೊತ್ತು ಕುಳಿತರೆ ಪುಟದ ಅಕ್ಷರಗಳು ನಿಲ್ಲುವುದಿಲ್ಲ, ಚೋಕಿನ ಗುಂಯ್ಕಾರವು ಕಿವಿಯಿಂದ ಹಲ್ಲಿಗಿಳಿಯುತ್ತದೆ, ಎದುರಿನವರು ಆಡಿದ ಮಾತಿನ ಕೊನೆಯಷ್ಟೇ ಮನಸ್ಸಿಗೆ ತಲಪುತ್ತದೆ.

ಈ ಕೊಳವೆದೀಪವು ಅಂಗಡಿಗೆ ಬಂದ ಐದೇ ವರ್ಷಗಳಲ್ಲಿ, 1943ರಲ್ಲಿ, ಬಾಲ್ಟಿಮೋರಿನ ಲಿಯೋ ಕ್ಯಾನರನು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಆಟಿಸಮ್ಮಿಗೆ ವೈದ್ಯಶಾಸ್ತ್ರದಲ್ಲಿ ನೆಲೆಗಾಣಿಸಿದನು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರನ ಲೇಖನ ಬಂತು. ಇವರಿಬ್ಬರಿಗೂ ಮೊದಲು, 1925ರಲ್ಲಿಯೇ, ಮಾಸ್ಕೋದ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ ಇಂತಹದೇ ಆರು ಹುಡುಗರನ್ನು ವರ್ಣಿಸಿದ್ದಳು. ಲೋಕ ಅವಳನ್ನು ಬಹುಕಾಲ ಮರೆತಿತ್ತು. ಮಧ್ಯದಲ್ಲಿ ತಾಯಂದಿರ ವಾತ್ಸಲ್ಯದ ಕೊರತೆಯೇ ಇದರ ಕಾರಣವೆಂದು ದೂರಿದ ಕ್ರೂರವಾದ ವಾದವೊಂದು ಕೆಲವು ದಶಕಗಳ ಕಾಲ ಮೆರೆದು ಬಿದ್ದುಹೋಯಿತು. 1976ರಲ್ಲಿ ಅಮೆರಿಕಾದ ಸಂಶೋಧಕರು, ಆಟಿಸಂ ಉಳ್ಳ ಮಕ್ಕಳು ತಂತಿಬಲ್ಬಿಗಿಂತ ಟ್ಯೂಬ್‌ಲೈಟಿನ ಕೆಳಗೆ ಒಂದೇ ಚೇಷ್ಟೆಯನ್ನು ಮತ್ತೆ ಮತ್ತೆ ಮಾಡುವುದು ಹೆಚ್ಚೆಂದು ವರದಿ ಮಾಡಿದರು. ಆ ಮಾತು ವಿವಾದಕ್ಕೆಡೆಯಾಯಿತು. ಆದರೆ 1989ರಲ್ಲಿ ಇಂಗ್ಲೆಂಡಿನ ವಿಲ್ಕಿನ್ಸ್ ಮತ್ತು ಸಂಗಡಿಗರು ಸಾಧಾರಣ ಕಚೇರಿಯ ನೌಕರರಲ್ಲಿಯೇ, ಕಂಪನವನ್ನಡಗಿಸುವ ಹೊಸ ಚೋಕನ್ನು ಹಾಕಿದಾಗ ತಲೆನೋವೂ ಕಣ್ಣಿನ ಆಯಾಸವೂ ಅರ್ಧಕ್ಕಿಂತ ಹೆಚ್ಚಾಗಿ ಇಳಿದುದನ್ನು ತೋರಿಸಿದರು. ಎಲ್ಲರನ್ನೂ ಸ್ವಲ್ಪಸ್ವಲ್ಪ ಬಾಧಿಸುವುದು ನಮ್ಮಂತಹವರನ್ನು ಬಹಳ ಬಾಧಿಸುತ್ತದೆಂದು ನಾನು ಇದನ್ನು ಓದಿಕೊಳ್ಳುತ್ತೇನೆ.

2013ರಲ್ಲಿ ಹೊರಬಂದ ಅಮೆರಿಕಾದ ಮನೋವೈದ್ಯರ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ, ಆಟಿಸಮ್ಮಿನ ಲಕ್ಷಣಗಳ ನಡುವೆ ದೀಪಗಳನ್ನು ನೋಡುವ ಮೋಹವನ್ನೂ ಉದಾಹರಿಸಿದ್ದಾರೆ. ಅದೇ ವಾಕ್ಯದಲ್ಲಿ, ಇಂದ್ರಿಯಗಳಿಗೆ ತಾಕುವುದನ್ನು ಅತಿಯಾಗಿ ಅನುಭವಿಸುವ ವಿಷಯವೂ ಇದೆ. ಪ್ರೀತಿಯನ್ನೂ ಪೀಡೆಯನ್ನೂ ಒಂದೇ ಸಾಲಿನಲ್ಲಿಟ್ಟ ಗ್ರಂಥಕರ್ತರ ಮೇಲೆ ಮೊದಲು ನನಗೆ ಮುನಿಸುಂಟಾಯಿತು. ಬರಬರುತ್ತ ಅವರ ಜೋಡಣೆ ಸರಿಯೆಂದೇ ತೋರುತ್ತದೆ. ಟ್ಯೂಬ್‌ಲೈಟಿನಿಂದ ನೊಂದವನಾದುದರಿಂದಲೇ ನಾನು ಬಲ್ಬನ್ನು ಅಷ್ಟೊಂದು ಬಲ್ಲೆನು. ಆದರೆ ಆತಂಕವು ಕವಿದಾಗ ನನ್ನನ್ನು ಹಿಡಿದು ನಿಲ್ಲಿಸುವುದು ಗುಳಿಗೆಯ ಜೊತೆಗೆ ಒಂದು ಮಂದವಾದ ಮೇಜುದೀಪವೂ ಹೌದೆಂಬುದನ್ನು ಆ ಕೈಪಿಡಿಯಲ್ಲಿ ಕಾಣೆ. ನಮ್ಮ ದೇಶದ ಕಾನೂನು ಇನ್ನೂ ನಿಧಾನ. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂ ಸೇರಿರಲಿಲ್ಲ. 1999ರಲ್ಲಿ ಬೇರೊಂದು ಕಾಯಿದೆಯಿಂದ ಮನ್ನಣೆ ದೊರೆಯಿತು. 2016ರ ಕಾಯಿದೆಯ 21 ಬಗೆಗಳ ಪಟ್ಟಿಯಲ್ಲಿ ಪೂರ್ಣವಾದ ಸ್ಥಾನ ಬಂತು.

ವಿದ್ಯುತ್ತಿನ ಕಡಿತದ ವರ್ಷಗಳನ್ನೂ ಇಲ್ಲಿ ಹೇಳಬೇಕು. ಮಳೆ ಕೈಕೊಟ್ಟು ಶರಾವತಿಯ ಜಲಾಶಯ ಇಳಿದಾಗಲೆಲ್ಲ ನಾಡೆಲ್ಲ ಕತ್ತಲಲ್ಲಿ ಕೂರಬೇಕಾಗುತ್ತಿದ್ದ ಕಾಲ ಅದು. ಪತ್ರಿಕೆಯಲ್ಲಿ ಅಚ್ಚಾದ ವೇಳಾಪಟ್ಟಿಯಂತೆ ಹೋದ ಕರೆಂಟು ನನ್ನನ್ನೆಂದೂ ಬಾಧಿಸಲಿಲ್ಲ. ಕಂದೀಲನ್ನು ಮುಂಚಿತವಾಗಿ ಒರಸಿಟ್ಟು ಕಾದಿರುತ್ತಿದ್ದೆನು. ಪಟ್ಟಿಯಲ್ಲಿಲ್ಲದ ಐದು ನಿಮಿಷದ ಕತ್ತಲೆಗೆ ಮಾತ್ರ ಇಡೀ ರಾತ್ರಿಯ ನಿದ್ರೆ ಬಲಿಯಾಗುತ್ತಿತ್ತು.

ಈಗ ಎಲ್‌ಇಡಿಯ ಕಾಲ. ನೀಲಿಯ ಎಲ್‌ಇಡಿಯನ್ನು ಸಾಧಿಸಿದವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಂದಿತು, ಮರುವರ್ಷವೇ ಸರ್ಕಾರವು ಉಜಾಲಾ ಯೋಜನೆಯಲ್ಲಿ ಅಗ್ಗದ ಬಲ್ಬುಗಳನ್ನು ಹಂಚತೊಡಗಿತು, ಮೈಸೂರು ಲ್ಯಾಂಪ್ಸ್ ಅದಕ್ಕೂ ಮುಂಚೆಯೇ ಬಾಗಿಲು ಹಾಕಿತ್ತು. ಈ ಹೊಸ ದೀಪದ ಸ್ವಭಾವ ಅದರೊಳಗಿನ ಡ್ರೈವರನ್ನು ಅವಲಂಬಿಸಿರುತ್ತದೆ. ಒಳ್ಳೆಯದಾದರೆ ತಂತಿಬಲ್ಬಿಗಿಂತಲೂ ಅಚಲ, ಕಳಪೆಯಾದರೆ ಟ್ಯೂಬ್‌ಲೈಟಿಗಿಂತಲೂ ಚಂಚಲ, ಡಬ್ಬಿಯ ಮೇಲೆ ಮಾತ್ರ ಎರಡೂ ಒಂದೇ. ಆದುದರಿಂದ ನಾನು ಅಂಗಡಿಯಲ್ಲಿ ಬಲ್ಬನ್ನು ಹೊತ್ತಿಸಿ ಅದರೆದುರು ಪೆನ್ಸಿಲನ್ನು ಜೋರಾಗಿ ಬೀಸಿ ನೋಡುತ್ತೇನೆ. ಬೆಳಕು ಕಂಪಿಸುತ್ತಿದ್ದರೆ ಒಂದು ಪೆನ್ಸಿಲು ಹಲವಾಗಿ ತುಂಡುತುಂಡಾಗಿ ಕಾಣುತ್ತದೆ, ಇಲ್ಲವಾದರೆ ಬರಿಯ ನೆರಳಿನ ಬೀಸಣಿಗೆ. ನಮ್ಮ ಬೀದಿಯ ಅಂಗಡಿಯವರು ಮೊದಮೊದಲು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು. ಈಗ ನಾನು ಹೋದರೆ ಪೆನ್ಸಿಲನ್ನು ತಾವೇ ಎತ್ತಿಕೊಡುತ್ತಾರೆ. ಹೋದ ತಿಂಗಳು ಹೊಸ ಸರಕು ಬಂದಾಗ, ಡಬ್ಬಿ ಬಿಚ್ಚುವ ಮೊದಲೇ, “ಈ ಕಂಪನಿ ಬೇಡ ಸಾರ್, ಕುಣಿಯುತ್ತೆ, ನಾನೇ ನೋಡ್ದೆ” ಎಂದರು.