ಹರಿತದ ಚರಿತ್ರೆ: ಸೂಕ್ಷ್ಮದರ್ಶಕದ ಕೆಳಗೆ ಕತ್ತಿಯ ಬಾಯಿ

ಸಾಣೆ ಹಿಡಿಯುವವನು ಚಕ್ರ ತಿರುಗಿಸಿ ಚಾಕುವಿಗೆ ಬಾಯಿ ಬರಿಸುವುದನ್ನೂ, ಕ್ಷೌರಿಕನು ತನ್ನ ಕತ್ತಿಯನ್ನು ತೊಗಲಿನ ಪಟ್ಟಿಯ ಮೇಲೆ ಹಿಂದೆ ಮುಂದೆ ಎಳೆಯುವುದನ್ನೂ ವಿದ್ಯಾರ್ಥಿಗಳಲ್ಲಿ ಹಲವರು ನೋಡಿರಬಹುದು. ಇಬ್ಬರ ಗುರಿಯೂ ಹರಿತವೇ. ಆದರೆ ಒಬ್ಬನು ಕಿಡಿ ಹಾರುವಂತೆ ಉಕ್ಕನ್ನು ಒರಟು ಕಲ್ಲಿಗೆ ಒತ್ತುತ್ತಾನೆ. ಇನ್ನೊಬ್ಬನು ಮೆತ್ತನೆಯ ತೊಗಲಿನ ಮೇಲೆ ಅದನ್ನು ನಯಗೊಳಿಸುತ್ತಾನೆ. ಹಾಗಾದರೆ ಹರಿತವೆಂದರೇನು? ಒರಟಾದ ಬಾಯಿ ಹರಿತವೋ, ನಯವಾದ ಬಾಯಿ ಹರಿತವೋ? ಸರಳವಾಗಿ ಕಾಣುವ ಈ ಪ್ರಶ್ನೆಗೆ ಕಣ್ಣಿಗೆ ಕಾಣುವಂಥ ಉತ್ತರ ದೊರೆಯಲು 300 ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಚರಿತ್ರೆಯನ್ನು ಇಲ್ಲಿ ಸ್ಥೂಲವಾಗಿ ನೋಡೋಣ.

ಉತ್ತ ಹೊಲದಂಥ ಕತ್ತಿ

1662ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ರಾಬರ್ಟ್ ಹುಕ್ ಎಂಬ ತರುಣನನ್ನು ತನ್ನ ಪ್ರಯೋಗಗಳ ಮೇಲ್ವಿಚಾರಕನನ್ನಾಗಿ ನೇಮಿಸಿಕೊಂಡಿತು. ಸೊಸೈಟಿಯ ಸಭೆಗಳಲ್ಲಿ ವಿದ್ವಾಂಸರ ಮುಂದೆ ಹೊಸ ಹೊಸ ಪ್ರಯೋಗಗಳನ್ನು ಮಾಡಿ ತೋರಿಸುವುದು ಅವನ ಕೆಲಸ. ಸೂಕ್ಷ್ಮದರ್ಶಕದಲ್ಲಿ ತಾನು ಕಂಡದ್ದನ್ನೆಲ್ಲ ಅವನು 1665ರಲ್ಲಿ ‘ಮೈಕ್ರೋಗ್ರಾಫಿಯಾ’ ಎಂಬ ಗ್ರಂಥವಾಗಿ ಪ್ರಕಟಿಸಿದನು. ಬಿರಟೆಯ ತುಣುಕಿನಲ್ಲಿ ಕಂಡ ಪುಟ್ಟ ಕೋಣೆಗಳಿಗೆ ‘ಸೆಲ್’ ಎಂಬ ಹೆಸರು ಬಂದದ್ದು ಈ ಗ್ರಂಥದಿಂದಲೇ ಎಂಬುದನ್ನು ಜೀವಶಾಸ್ತ್ರದ ಪಾಠದಲ್ಲಿ ನೀವು ಓದಿದ್ದೀರಿ. ಆದರೆ ಆ ಗ್ರಂಥ ಬಿರಟೆಯಿಂದ ಆರಂಭವಾಗುವುದಿಲ್ಲ. ಅದರ ಮೊದಲನೆಯ ಅವಲೋಕನ ಸೂಜಿಯ ಮೊನೆ. ಎರಡನೆಯದು ಕ್ಷೌರದ ಕತ್ತಿಯ ಬಾಯಿ.

ಈ ಕ್ರಮಕ್ಕೆ ಕಾರಣವುಂಟು. ರೇಖಾಗಣಿತದಲ್ಲಿ ಮೊದಲು ಬಿಂದು, ಅನಂತರ ರೇಖೆ. ಲೋಕದ ವಸ್ತುಗಳಲ್ಲಿ ಬಿಂದುವಿಗೆ ಹತ್ತಿರವಾದುದು ಸೂಜಿಯ ಮೊನೆ. ರೇಖೆಗೆ ಹತ್ತಿರವಾದುದು ಕತ್ತಿಯ ಬಾಯಿ. ದೀಪದ ಬೆಳಕನ್ನು ನೀರು ತುಂಬಿದ ಗಾಜಿನ ಬುರುಡೆಯ ಮೂಲಕ ಹಾಯಿಸಿ ವಸ್ತುವಿನ ಮೇಲೆ ಕೇಂದ್ರೀಕರಿಸುವ ಉಪಾಯ ಹುಕ್‌ನಲ್ಲಿತ್ತು. ಬಹಳ ಹರಿತವಾದ ಕತ್ತಿಯೊಂದನ್ನು ಅವನು ಪರೀಕ್ಷಿಸಿದಾಗ ಹರಿತವೆನ್ನುವಂಥದ್ದು ಏನೂ ಕಾಣಲಿಲ್ಲ. ತೆಳುವಾದ ರೇಖೆ ಇರಬೇಕಾದ ಕಡೆ ದಪ್ಪ ಚಾಕುವಿನ ಬೆನ್ನಿನಷ್ಟು ಅಗಲವಾದ, ಉಬ್ಬುತಗ್ಗುಗಳ ಪಟ್ಟಿಯೊಂದು ಕಂಡಿತು. ಕಲ್ಲಿಗೆ ಉಜ್ಜಿದ ಪಕ್ಕದ ಮೈಯಂತೂ ಸಾಲು ಸಾಲಾಗಿ ಉತ್ತ ಹೊಲದಂತೆ ತೋರಿತು.

ಹುಕ್ ಕಂಡದ್ದನ್ನು ವರ್ಣಿಸಿ ಸುಮ್ಮನಾಗಲಿಲ್ಲ, ಕಾರಣವನ್ನೂ ಹುಡುಕಿದನು. ಎಷ್ಟೇ ನುಣುಪಾದ ಪುಡಿಯಿಂದ ಮೆರುಗು ಕೊಟ್ಟರೂ ಆ ಪುಡಿ ಗಟ್ಟಿಯಾದ ಕಣಗಳಿಂದಲೇ ಆಗಿರುತ್ತದೆ. ಪ್ರತಿಯೊಂದು ಕಣವೂ ತನ್ನ ದಾರಿಯಲ್ಲಿ ಒಂದು ಗೀರನ್ನು ಬಿಟ್ಟೇ ಹೋಗುತ್ತದೆ. ಆದ್ದರಿಂದ ಮೆರುಗು ಎಂಬುದು ಗೀರುಗಳ ಅಭಾವವಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳ ಸಮೂಹ. ಹರಿತಗೊಳಿಸುವ ವಿದ್ಯೆಯ ಮೂಲ ತತ್ತ್ವ ಇದೇ. ಇಂದಿಗೂ ಇದು ಸರಿಯಾದ ಮಾತು.

ಆದರೂ ಒಂದು ತೊಡಕು ಉಳಿಯಿತು. ಕತ್ತಿಯ ಬಾಯಿ ಅಷ್ಟು ಒರಟಾಗಿದ್ದರೆ ಅದು ಗಡ್ಡವನ್ನು ಬೋಳಿಸುವುದು ಹೇಗೆ? ಲಂಡನ್ನಿನ ಕ್ಷೌರಿಕರು ಅಂಥ ಕತ್ತಿಗಳಿಂದಲೇ ದಿನವೂ ನೂರಾರು ಮುಖಗಳಿಗೆ ಕ್ಷೌರ ಮಾಡುತ್ತಿದ್ದರು. ಸೂಕ್ಷ್ಮದರ್ಶಕದ ಸಾಕ್ಷ್ಯ ಒಂದು ಹೇಳುತ್ತಿತ್ತು, ಕೈಯ ಸಾಕ್ಷ್ಯ ಇನ್ನೊಂದು. ಆ ಕಾಲದ ಮಸೂರಗಳು ಬಿಂಬದ ಅಂಚಿಗೆಲ್ಲ ಬಣ್ಣದ ಮಸುಕನ್ನು ಸೇರಿಸುತ್ತಿದ್ದವು. ನಿಜವಾದ ಬಾಯಿ ಆ ಮಸುಕಿಗಿಂತಲೂ ಕಿರಿದಾಗಿದ್ದರೆ ಅದನ್ನು ತೋರಿಸುವ ಶಕ್ತಿ ಅವಕ್ಕೆ ಇರಲಿಲ್ಲ.

ಉಕ್ಕು ಹಡಗು ಹತ್ತಿದ್ದು

ಬಾಯಿಯ ಆಕಾರ ಒಂದು ವಿಷಯವಾದರೆ, ಆ ಆಕಾರವನ್ನು ಉಳಿಸಿಕೊಳ್ಳುವ ಲೋಹ ಇನ್ನೊಂದು. ಮೆದು ಕಬ್ಬಿಣವನ್ನು ಎಷ್ಟು ಮಸೆದರೂ ಬಾಯಿ ಮಡಿಚಿಹೋಗುತ್ತದೆ. ಇಲ್ಲಿ ನಮ್ಮ ನಾಡಿನ ಮಾತು ಬರುತ್ತದೆ. ಮೈಸೂರು ಸೀಮೆ, ತೆಲಂಗಾಣ ಮತ್ತು ತಮಿಳುನಾಡಿನ ಹಲವೆಡೆ ಕಮ್ಮಾರರು ಕಬ್ಬಿಣವನ್ನು ಕಟ್ಟಿಗೆ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಕುಲುಮೆಯಲ್ಲಿ ಕಾಯಿಸಿ ಉಕ್ಕನ್ನು ತಯಾರಿಸುತ್ತಿದ್ದರು. ಅದರಲ್ಲಿ ಇಂಗಾಲದ ಅಂಶ ಶೇಕಡಾ 1ರಿಂದ 2ರವರೆಗೆ ಇರುತ್ತಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಯುರೋಪಿನಲ್ಲಿ ಈ ಲೋಹಕ್ಕೆ ‘ವೂಟ್ಸ್’ ಎಂದು ಹೆಸರಾಯಿತು. ಇದು ಕನ್ನಡದ ‘ಉಕ್ಕು’ ಎಂಬ ಪದದ ಅಪಭ್ರಂಶವೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಮುಂಬಯಿಯಿಂದ ಡಾ. ಸ್ಕಾಟ್ ಎಂಬ ವೈದ್ಯನು ಇದರ ಮಾದರಿಗಳನ್ನು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳುಹಿಸಿದನು. 1795ರಲ್ಲಿ ಜಾರ್ಜ್ ಪಿಯರ್‌ಸನ್ ಅದರ ಮೇಲೆ ಪ್ರಬಂಧ ಮಂಡಿಸಿದನು. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ತಯಾರಿಸುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಆ ಉಕ್ಕಿನಿಂದ ಚೂರಿ ಮಾಡಿ ನೋಡಿ, ನವುರಾದ ಬಾಯಿ ಬೇಕಾದ ಕೆಲಸಕ್ಕೆ ಇದು ಉತ್ತಮವೆಂದು ಮೆಚ್ಚಿದನು. ಮುಂದೆ ಮೈಕೆಲ್ ಫ್ಯಾರಡೆ 1819ರಲ್ಲಿ ಇದೇ ಉಕ್ಕನ್ನು ವಿಶ್ಲೇಷಿಸಿದನು. ಸ್ಟೋಡಾರ್ಟ್ ಮತ್ತು ಫ್ಯಾರಡೆ ಕೂಡಿ 1820 ಮತ್ತು 1822ರಲ್ಲಿ ಉಕ್ಕಿನ ಮಿಶ್ರಲೋಹಗಳ ಬಗ್ಗೆ ಪ್ರಬಂಧಗಳನ್ನು ಪ್ರಕಟಿಸಿದರು. ಹೀಗೆ ಚೂರಿಯ ಬಾಯಿಯ ಹುಡುಕಾಟದಲ್ಲಿ ಕಮ್ಮಾರನ ಮೂಸೆಗೂ ವಿಜ್ಞಾನಿಯ ಪ್ರಯೋಗಶಾಲೆಗೂ ನಂಟು ಬೆಳೆಯಿತು. ಆದರೆ ಲೋಹದ ಒಳಗೆ ಏನಿದೆ ಎಂಬುದನ್ನು ಇನ್ನೂ ಯಾರೂ ಸರಿಯಾಗಿ ಕಂಡಿರಲಿಲ್ಲ.

ಶೆಫೀಲ್ಡ್ ನಗರದ ಎರಡು ಮುಖಗಳು

ಇಂಗ್ಲೆಂಡಿನ ಶೆಫೀಲ್ಡ್ ನಗರ ಚಾಕು ಕತ್ತರಿಗಳಿಗೆ ಹೆಸರಾದ ಊರು. ಅಲ್ಲಿಯವನಾದ ಹೆನ್ರಿ ಕ್ಲಿಫ್ಟನ್ ಸಾರ್ಬಿ ಶಿಲೆಗಳನ್ನು ತೆಳುವಾಗಿ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನವನ್ನು ಬೆಳೆಸಿದ್ದನು. 1863ರ ಸುಮಾರಿಗೆ ಅವನು ಉಕ್ಕಿನತ್ತ ತಿರುಗಿದನು. ಹುಕ್‌ಗೆ ಗೀರುಗಳೇ ನೋಡಬೇಕಾದ ವಸ್ತುಗಳಾಗಿದ್ದವು. ಸಾರ್ಬಿಗೆ ಅವೇ ಅಡ್ಡಿ. ಗೀರುಗಳಿರುವವರೆಗೆ ಉಕ್ಕಿನ ಒಳರಚನೆ ಕಾಣಿಸದು. ಆದ್ದರಿಂದ ಅವನು ಹಂತ ಹಂತವಾಗಿ ನುಣುಪು ಪುಡಿಗಳಿಂದ ಉಜ್ಜಿ, ಗೀರುಗಳನ್ನು ಸಣ್ಣದು ಮಾಡುತ್ತ ಹೋಗಿ, ಕೊನೆಗೆ ದುರ್ಬಲ ಆಮ್ಲದಿಂದ ಮೈಯನ್ನು ತೊಳೆದನು. ಆಗ ಒಂದೇ ಸಮನಾಗಿ ಹೊಳೆಯುತ್ತಿದ್ದ ಉಕ್ಕು ಹರಳುಗಳ ಗುಂಪಾಗಿ ತೋರಿತು. 1864ರಲ್ಲಿ ಇದನ್ನು ವಿದ್ವಾಂಸರ ಸಭೆಯಲ್ಲಿ ತೋರಿಸಿದರೂ ಸುಮಾರು 20 ವರ್ಷಗಳ ಕಾಲ ಲೋಹೋದ್ಯಮ ಇದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. 1880ರ ದಶಕದಲ್ಲಿ ಸಾರ್ಬಿ ಇನ್ನೂ ಹೆಚ್ಚು ವರ್ಧನದಲ್ಲಿ ನೋಡಿ, ಮುತ್ತಿನಂತೆ ಹೊಳೆಯುವ ಭಾಗವು ವಾಸ್ತವವಾಗಿ ಬಹಳ ತೆಳುವಾದ ಪದರಗಳ ಜೋಡಣೆ ಎಂದು ತೋರಿಸಿದನು. ಅದನ್ನೇ ಈಗ ಪರ್ಲೈಟ್ ಎನ್ನುತ್ತಾರೆ.

ಇದೇ ಊರಿನ ಇನ್ನೊಂದು ಮುಖವನ್ನೂ ವಿದ್ಯಾರ್ಥಿಗಳು ತಿಳಿಯಬೇಕು. ಉಕ್ಕಿನ ಮೇಲೆ ಗೀರು ಎಳೆಯುವ ಕಲ್ಲಿನ ಕಣ ಗಾಳಿಯಲ್ಲೂ ಹಾರುತ್ತದೆ. ಸಾಣೆ ಹಿಡಿಯುವವರು ಮರಳುಗಲ್ಲಿನ ಚಕ್ರದ ಮೇಲೆ ಬಾಗಿ ಕುಳಿತು ದಿನವಿಡೀ ಆ ಧೂಳನ್ನು ಉಸಿರಾಡುತ್ತಿದ್ದರು. ಶೆಫೀಲ್ಡ್‌ನ ವೈದ್ಯ ಡಾ. ನೈಟ್ ಕೊಟ್ಟ ಅಂಕಿಗಳನ್ನು ಫ್ರೆಡ್ರಿಕ್ ಎಂಗೆಲ್ಸ್ 1845ರ ತನ್ನ ಗ್ರಂಥದಲ್ಲಿ ಉಲ್ಲೇಖಿಸಿದ್ದಾನೆ. ಅದರ ಪ್ರಕಾರ ಒಣ ಕಲ್ಲಿನ ಮೇಲೆ ಕೆಲಸ ಮಾಡುವವರ ಸರಾಸರಿ ಆಯುಸ್ಸು 35 ವರ್ಷಗಳಷ್ಟೂ ಇರಲಿಲ್ಲ. ನೀರು ಹಾಕಿದ ಕಲ್ಲಿನ ಮೇಲೆ ಕೆಲಸ ಮಾಡುವವರು 45 ದಾಟುವುದು ಅಪರೂಪವಾಗಿತ್ತು. ಮಸೆಯುವಾಗ ಕಲ್ಲಿಗೆ ನೀರು ಹಾಕುವ ಸಣ್ಣ ರೂಢಿಯೊಂದು ಮನುಷ್ಯನ ಆಯುಸ್ಸಿಗೆ ಸುಮಾರು 10 ವರ್ಷ ಸೇರಿಸುತ್ತಿತ್ತು ಎಂದಾಯಿತು. ಶ್ರೀಮಂತರ ಮೇಜಿನ ಮೇಲೆ ಹೊಳೆಯುತ್ತಿದ್ದ ವಸ್ತುಗಳ ಮೆರುಗಿಗೆ ತೆತ್ತ ಬೆಲೆ ಇದು. ಹರಿತದ ಚರಿತ್ರೆಯಲ್ಲಿ ಹುಕ್, ಸಾರ್ಬಿಯರ ಹೆಸರುಗಳು ಉಳಿದಿವೆ. ಈ ಕೆಲಸಗಾರರ ಹೆಸರುಗಳು ಉಳಿದಿಲ್ಲ.

ಬೆಳಕಿನ ಮಿತಿ, ಎಲೆಕ್ಟ್ರಾನಿನ ನೆರವು

ಕತ್ತಿಯ ಬಾಯಿ ಇಷ್ಟು ಕಾಲ ಸರಿಯಾಗಿ ಕಾಣದಿದ್ದುದಕ್ಕೆ ಮಸೂರಗಳ ದೋಷವಷ್ಟೇ ಕಾರಣವಲ್ಲ. ಬೆಳಕಿಗೇ ಒಂದು ಮಿತಿಯುಂಟೆಂದು ಜರ್ಮನಿಯ ಅರ್ನ್ಸ್ಟ್ ಅಬೆ 1873ರಲ್ಲಿ ತೋರಿಸಿಕೊಟ್ಟನು. ಬೆಳಕಿನ ತರಂಗದ ಉದ್ದದ ಸುಮಾರು ಅರ್ಧಕ್ಕಿಂತ ಹತ್ತಿರದಲ್ಲಿರುವ ಎರಡು ಬಿಂದುಗಳನ್ನು ಸಾಮಾನ್ಯ ಸೂಕ್ಷ್ಮದರ್ಶಕ ಬೇರ್ಪಡಿಸಿ ತೋರಿಸಲಾರದು. ಇದು ಸುಮಾರು 0.2 ಮೈಕ್ರಾನ್ ಆಗುತ್ತದೆ. ಒಂದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು. ಒಳ್ಳೆಯ ಕ್ಷೌರದ ಬ್ಲೇಡಿನ ಬಾಯಿಯ ಅಗಲ ಅರ್ಧ ಮೈಕ್ರಾನಿಗೂ ಕಡಿಮೆ. ಅಂದರೆ ಹರಿತ ಇರುವ ಸ್ಥಳವು ಬೆಳಕಿನ ಮಿತಿಗೆ ತೀರ ಹತ್ತಿರದಲ್ಲಿದೆ. ಪಕ್ಕದ ಮೈಯ ಗೀರುಗಳು ಕಾಣುತ್ತವೆ. ಬಾಯಿಯ ನಿಜವಾದ ಆಕಾರ ಸ್ಪಷ್ಟವಾಗುವುದಿಲ್ಲ.

1931ರಲ್ಲಿ ಅರ್ನ್ಸ್ಟ್ ರುಸ್ಕ ಮತ್ತು ಮ್ಯಾಕ್ಸ್ ಕ್ನಾಲ್ ಬೆಳಕಿನ ಬದಲು ಎಲೆಕ್ಟ್ರಾನುಗಳನ್ನು ಬಳಸುವ ಸೂಕ್ಷ್ಮದರ್ಶಕವನ್ನು ನಿರ್ಮಿಸಿದರು. ವಸ್ತುವಿನ ಮೈಯನ್ನು ಎಲೆಕ್ಟ್ರಾನ್ ಕಿರಣದಿಂದ ಸಾಲು ಸಾಲಾಗಿ ಸವರಿ ಚಿತ್ರ ಮೂಡಿಸುವ ಸ್ಕ್ಯಾನಿಂಗ್ ಸೂಕ್ಷ್ಮದರ್ಶಕವು ಕೇಂಬ್ರಿಜ್‌ನಲ್ಲಿ ಚಾರ್ಲ್ಸ್ ಓಟ್ಲಿಯವರ ತಂಡದ ದುಡಿಮೆಯಿಂದ ಬೆಳೆದು 1965ರಲ್ಲಿ ಮಾರುಕಟ್ಟೆಗೆ ಬಂದಿತು. ಹುಕ್‌ನ ಗ್ರಂಥ ಪ್ರಕಟವಾಗಿ ಆಗ ಸರಿಯಾಗಿ 300 ವರ್ಷ.

ಅಮೆರಿಕದ ಅಯೋವ ಸ್ಟೇಟ್ ವಿಶ್ವವಿದ್ಯಾಲಯದ ಜಾನ್ ವರ್ಹೋವನ್ ಈ ಉಪಕರಣವನ್ನು ಚಾಕುವಿನ ಮುಂದಿಟ್ಟವರಲ್ಲಿ ಒಬ್ಬರು. ಭಾರತದ ಉಕ್ಕಿನಿಂದ ತಯಾರಾಗುತ್ತಿದ್ದ ಡಮಾಸ್ಕಸ್ ಖಡ್ಗಗಳ ಅಲೆಯಂಥ ವಿನ್ಯಾಸದ ಕಾರಣವನ್ನು ಹುಡುಕಿದವರೂ ಅವರೇ. 2004ರಲ್ಲಿ ಅವರು ಬೇರೆ ಬೇರೆ ಕಲ್ಲುಗಳಿಂದ ಮಸೆದ ಬಾಯಿಗಳನ್ನು ಹೋಲಿಸಿ ವರದಿ ಬರೆದರು. ಒರಟು ಕಲ್ಲಿನಿಂದ ಬಂದ ಬಾಯಿ ಗರಗಸದಂತೆ ಏರಿಳಿಯುತ್ತದೆ. ಅದರ ಅಂಚಿನಲ್ಲಿ ಮಗುಚಿಕೊಂಡ ತೆಳ್ಳನೆಯ ಲೋಹದ ಸೆರಗೂ ಇರುತ್ತದೆ. ಕಲ್ಲು ನುಣುಪಾದಂತೆ ಈ ಎರಡೂ ಕಿರಿದಾಗುತ್ತವೆ. ಕೊನೆಗೆ ಕ್ರೋಮಿಯಂ ಆಕ್ಸೈಡಿನ ನಯವಾದ ಪುಡಿ ಹಚ್ಚಿದ ತೊಗಲು ಆ ಸೆರಗನ್ನು ತೆಗೆದು ಬಾಯಿಯನ್ನು ಕಿರಿದಾಗಿಸುತ್ತದೆ. ಏನೂ ಹಚ್ಚದ ತೊಗಲಿನಿಂದ ಆಗುವ ಬದಲಾವಣೆ ಅಲ್ಪ. ಪುಡಿ ಸವರಿದ ತೊಗಲಿನ ಪಟ್ಟಿಯನ್ನು ಬಳಸುತ್ತಿದ್ದ ಕ್ಷೌರಿಕರ ರೂಢಿಗೆ ಹೀಗೆ ಸಾಕ್ಷ್ಯ ದೊರೆಯಿತು.

ಯಾವ ಬಾಯಿ ಮೇಲು?

ಹಾಗಾದರೆ ನಯವಾದ ಬಾಯಿಯೇ ಸದಾ ಮೇಲೇ? ಹಾಗೆ ಹೇಳಲಾಗದು. ಟೊಮ್ಯಾಟೊ ಹಣ್ಣಿನ ಸಿಪ್ಪೆ ಗಟ್ಟಿ, ಒಳಗಿನ ತಿರುಳು ಮೆದು. ನಯವಾದ ಬಾಯಿ ಸ್ವಲ್ಪ ಮೊಂಡಾದರೂ ಸಾಕು, ಸಿಪ್ಪೆಯ ಮೇಲೆ ಜಾರಿ ಹಣ್ಣನ್ನು ಜಜ್ಜುತ್ತದೆ. ಸಣ್ಣ ಸಣ್ಣ ಹಲ್ಲುಗಳಿರುವ ಬಾಯಿಯಾದರೆ ಎಳೆದ ಕೂಡಲೇ ಸಿಪ್ಪೆಯನ್ನು ಹಿಡಿಯುತ್ತದೆ. ಹಗ್ಗ, ನಾರು, ಪೈರಿನ ದಂಟು ಇವಕ್ಕೂ ಇದೇ ಮಾತು. ಹುಲ್ಲು ಪೈರು ಕೊಯ್ಯುವ ಕುಡುಗೋಲುಗಳಲ್ಲಿ ಕೆಲವಕ್ಕೆ ಕಮ್ಮಾರರು ಹಲ್ಲು ಕೊಯ್ದು ಕೊಡುವುದು ಇದಕ್ಕಾಗಿಯೇ.

ಆದರೆ ಎಳೆದು ಕೊಯ್ಯುವುದರ ಲಾಭಕ್ಕೆ ಹಲ್ಲುಗಳೊಂದೇ ಕಾರಣವಲ್ಲ. ಮೆದು ಪದಾರ್ಥವನ್ನು ಒತ್ತುವುದರ ಜೊತೆಗೆ ಪಕ್ಕಕ್ಕೂ ಎಳೆದರೆ ಅದು ಸುಲಭವಾಗಿ ಸೀಳುತ್ತದೆಂದು ಎಲ್. ಮಹಾದೇವನ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು. ಈಳಿಗೆಮಣೆಯ ಬಾಗಿದ ಅಲಗಿಗೆ ತರಕಾರಿಯನ್ನು ಒತ್ತಿದಾಗ ಆಗುವುದೂ ಇದೇ. ಒತ್ತಿದ ತರಕಾರಿ ಅಲಗಿನ ಉದ್ದಕ್ಕೆ ಜಾರುತ್ತಲೇ ಹೆಚ್ಚಲ್ಪಡುತ್ತದೆ.

ನೇರವಾಗಿ ಒತ್ತಿ ಕತ್ತರಿಸುವ ಕೆಲಸಗಳಲ್ಲಿ ಮಾತ್ರ ನಯವಾದ ಬಾಯಿಗೆ ಸಾಟಿಯಿಲ್ಲ. ಕ್ಷೌರದ ಕತ್ತಿ, ಬಡಗಿಯ ಉಳಿ, ಅಂಗಾಂಶವನ್ನು ತೆಳುವಾಗಿ ಕೊಯ್ಯುವ ಮೈಕ್ರೊಟೋಮ್ ಇವು ಈ ಗುಂಪಿನವು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಬೇಕಾದಷ್ಟು ತೆಳುವಾದ ಪದರವನ್ನು ಉಕ್ಕಿನ ಅಲಗು ಚೆನ್ನಾಗಿ ಕೊಯ್ಯದಾದಾಗ, 1950ರಲ್ಲಿ ಲಾಟ ಮತ್ತು ಹಾರ್ಟ್‌ಮನ್ ಒಡೆದ ಗಾಜಿನ ಅಂಚನ್ನೇ ಅಲಗಾಗಿ ಬಳಸಿದರು. ಕತ್ತಿಯ ಬಾಯಿಯನ್ನು ತೋರಿಸಿದ ಸೂಕ್ಷ್ಮದರ್ಶಕಕ್ಕೆ ತನ್ನ ಕೆಲಸಕ್ಕಾಗಿ ಇನ್ನೂ ಹರಿತವಾದ ಬಾಯಿ ಬೇಕಾಯಿತು.

ನಯವಾದ ಬಾಯಿಗೂ ಒಂದು ದೌರ್ಬಲ್ಯವುಂಟು. ಉಕ್ಕಿಗಿಂತ ಸುಮಾರು 50 ಪಟ್ಟು ಮೆದುವಾದ ಕೂದಲು ಬ್ಲೇಡನ್ನು ಹೇಗೆ ಮೊಂಡು ಮಾಡುತ್ತದೆ? 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಳಗೇ ಕೂದಲನ್ನು ಕತ್ತರಿಸಿ ನೋಡಿದರು. ಬಾಗಿದ ಕೂದಲು ಓರೆಯಾಗಿ ತಗುಲಿದಾಗ, ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದ ಕಡೆ, ಬಾಯಿಯಿಂದ ಸಣ್ಣ ಚಕ್ಕೆಗಳು ಎದ್ದುಹೋಗುತ್ತವೆಂದು ತಿಳಿಯಿತು. ಹುಕ್ ನೋಡಿದ ಹೊರಮೈಯೂ ಸಾರ್ಬಿ ನೋಡಿದ ಒಳರಚನೆಯೂ ಇಲ್ಲಿ ಒಂದೇ ಪ್ರಶ್ನೆಯ ಎರಡು ಭಾಗಗಳಾದವು.

ಆದ್ದರಿಂದ ಹರಿತ ಎಂಬುದು ಒಂದೇ ಅಳತೆಯ ಗುಣವಲ್ಲ. ಕೊಯ್ಯುವ ವಸ್ತು ಯಾವುದು, ಕೈ ಒತ್ತುತ್ತದೆಯೋ ಎಳೆಯುತ್ತದೆಯೋ ಎಂಬುದನ್ನು ನೋಡಿ ಗೀರಿನ ಗಾತ್ರವನ್ನು ಆರಿಸಬೇಕು. ಕಮ್ಮಾರ, ಕ್ಷೌರಿಕ, ಬಡಗಿ ಇವರು ಇದನ್ನು ಕೈಯ ಅನುಭವದಿಂದ ಬಲ್ಲವರಾಗಿದ್ದರು. ಅದು ಏಕೆ ಹಾಗೆ ಎಂಬುದನ್ನು ವಿಜ್ಞಾನ ತಡವಾಗಿ ತಿಳಿಸಿತು.

ಹುಕ್ ಕಂಡದ್ದನ್ನು ನಿಮ್ಮ ಶಾಲೆಯ ಪ್ರಯೋಗಾಲಯದಲ್ಲೂ ಕಾಣಬಹುದು. ಅಧ್ಯಾಪಕರ ನೆರವಿನಿಂದ ಕ್ಷೌರದ ಬ್ಲೇಡೊಂದನ್ನೂ ಸಾಣೆ ಹಿಡಿಸಿದ ಸಣ್ಣ ಚಾಕುವೊಂದನ್ನೂ ಸೂಕ್ಷ್ಮದರ್ಶಕದ ಕಡಿಮೆ ವರ್ಧನದಲ್ಲಿ ಒಂದಾದ ಮೇಲೊಂದು ನೋಡಿರಿ. ಉಕ್ಕಿನ ಮೂಲಕ ಬೆಳಕು ಹಾಯದು. ಆದ್ದರಿಂದ ಕೆಳಗಿನ ಕನ್ನಡಿಯ ಬದಲು ಮೇಲಿನಿಂದ ಓರೆಯಾಗಿ ಟಾರ್ಚಿನ ಬೆಳಕು ಬಿಡಿರಿ. ಎರಡರಲ್ಲೂ ಉಳುಮೆಯ ಸಾಲುಗಳು ಕಾಣುತ್ತವೆ. ಯಾವುದರ ಸಾಲು ದಪ್ಪ, ಯಾವುದರದು ಸಣ್ಣ, ಅವು ಬಾಯಿಗೆ ಯಾವ ಕೋನದಲ್ಲಿ ಬಂದು ಮುಟ್ಟುತ್ತವೆ ಎಂಬುದನ್ನು ಚಿತ್ರ ಬರೆದು ಗುರುತಿಸಿರಿ.