ಹಳೆಯ ಗುಮ್ಮಟದೊಳಗೆ ಐದು ಸಾವಿರ ಕಣ್ಣುಗಳು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ನಮ್ಮ ಒಂಬತ್ತನೆಯ ತರಗತಿಯ ಕೋಣೆಗೆ ಹೆಂಚಿನ ಮಾಡು. ಒಂದು ಹೆಂಚು ಜರುಗಿದ ಸಂದಿನಿಂದ ಹನ್ನೊಂದು ಗಂಟೆಯ ಹೊತ್ತಿಗೆ ಬಿಸಿಲಕೋಲೊಂದು ಮೇಜಿನ ಮೇಲೆ ಬೀಳುತ್ತಿತ್ತು. ಅದನ್ನು ಸರಿಮಾಡಿಸಲು ಆಳು ಬಂದಾಗಲೆಲ್ಲ, ಬೆಳಕಿನ ಪಾಠ ಮುಗಿಯುವವರೆಗೆ ತಡೆಯಪ್ಪ ಎಂದು ನಾನು ಕಳುಹಿಸಿಬಿಡುತ್ತಿದ್ದೆ. ಆ ಬಿಸಿಲಿಗೆ ಗಾಜಿನ ಪಟ್ಟಕವನ್ನು ಹಿಡಿದರೆ ಸುಣ್ಣದ ಗೋಡೆಯ ಮೇಲೆ ಬಣ್ಣಗಳ ಪಟ್ಟಿ ಮೂಡುತ್ತಿತ್ತು. ಅದಕ್ಕೆ ರೋಹಿತ ಎಂದು ಹೆಸರು.

ಆ ಪಾಠವನ್ನು ಕೇಳಿದ್ದ ಹುಡುಗನೊಬ್ಬ ಈಗ ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿದ್ದಾನೆ. ಕಳೆದ ದೀಪಾವಳಿಯಂದು ಫೋನ್ ಮಾಡಿದವನು, ಬೆಟ್ಟದ ಮೇಲಿನ ಬಿಳಿಯ ಗುಮ್ಮಟವೊಂದರ ಚಿತ್ರವನ್ನು ಕಳುಹಿಸಿ, "ಸರ್, ಇದು ನಾನು ಹುಟ್ಟುವುದಕ್ಕಿಂತ ಮೊದಲೇ ಕಟ್ಟಿದ ದೂರದರ್ಶಕವಂತೆ. ಆದರೂ ವಿಶ್ವದ ಅತಿ ದೊಡ್ಡ ನಕಾಶೆಯನ್ನು ಇದರಿಂದಲೇ ಬರೆಯುತ್ತಿದ್ದಾರಂತೆ, ಹೇಗೆ?" ಎಂದು ಕೇಳಿದ. ಅವನಿಗೆ ಫೋನಿನಲ್ಲಿ ಹೇಳಿದ್ದು ಅರ್ಧ. ಉಳಿದರ್ಧವನ್ನು ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಬೆಟ್ಟದ ಹೆಸರು ಕಿಟ್ ಪೀಕ್. ಟೂಸಾನಿನ ನೈಋತ್ಯಕ್ಕೆ, ಸೊನೋರಾ ಮರುಭೂಮಿಯ ನಡುವೆ, ಸುಮಾರು 2,100 ಮೀಟರ್ ಎತ್ತರಕ್ಕೆ ನಿಂತಿದೆ. ಅಮೆರಿಕದ ರಾಷ್ಟ್ರೀಯ ವೀಕ್ಷಣಾಲಯಕ್ಕೆ ಜಾಗ ಹುಡುಕುವ ಹೊಣೆ ಏಡನ್ ಮೈನೆಲ್ ಎಂಬ ಖಗೋಳಜ್ಞನದಾಗಿತ್ತು. ನೂರೈವತ್ತರಷ್ಟು ಬೆಟ್ಟಗಳನ್ನು ಪರಿಶೀಲಿಸಿ, 1958ರಲ್ಲಿ ಇದನ್ನು ಆರಿಸಿದರು. ಆದರೆ ಬೆಟ್ಟ ಸರ್ಕಾರದ್ದಾಗಿರಲಿಲ್ಲ. ಅದು ತೊಹೊನೊ ಓಧಮ್ ಎಂಬ ಮೂಲನಿವಾಸಿ ಜನರದು. ಆಗ ಹೊರಗಿನವರು ಅವರನ್ನು ಪಾಪಾಗೊ ಎಂದು ಕರೆಯುತ್ತಿದ್ದರು. ಇದರ ದಕ್ಷಿಣಕ್ಕೆ ಕಾಣುವ ಬಾಬೊಕಿವಾರಿ ಶಿಖರವು ಅವರ ಪಾಲಿಗೆ ಸೃಷ್ಟಿಕರ್ತನಾದ ಈಈತೊಯ್ ನೆಲೆಸಿರುವ ಸ್ಥಳ. ಇಂಥ ಜಾಗದಲ್ಲಿ ರಸ್ತೆ ಕಡಿದು ಕಟ್ಟಡ ಕಟ್ಟುತ್ತೇವೆಂದರೆ ಯಾರು ತಾನೇ ಒಪ್ಪುತ್ತಾರೆ?

ಹಿರಿಯರನ್ನು ಟೂಸಾನಿನ ವಿಶ್ವವಿದ್ಯಾನಿಲಯದ ವೀಕ್ಷಣಾಲಯಕ್ಕೆ ಕರೆದೊಯ್ದು ದೂರದರ್ಶಕದಲ್ಲಿ ಚಂದ್ರನನ್ನು ತೋರಿಸಿದರು. ನೋಡಿದ ಮೇಲೆ ಒಪ್ಪಿಗೆ ಸಿಕ್ಕಿತು. ಖಗೋಳಜ್ಞರಿಗೆ ಅವರು ಇಟ್ಟ ಹೆಸರು "ಉದ್ದ ಕಣ್ಣಿನ ಜನ". ವಿಜ್ಞಾನ ಸಂಶೋಧನೆಗೆ ಬಳಸುವವರೆಗೆ ಮಾತ್ರ ಎಂಬ ಕರಾರಿನೊಡನೆ ಜಾಗವನ್ನು ಗುತ್ತಿಗೆಗೆ ಕೊಟ್ಟರು. ಮಾರಲಿಲ್ಲ. ಈ ಮಾತನ್ನು ಗಮನದಲ್ಲಿಡಿ.

ಬೆಟ್ಟದ ಮೇಲೆ ಒಂದೊಂದಾಗಿ ಗುಮ್ಮಟಗಳು ಎದ್ದವು. ಎಲ್ಲಕ್ಕಿಂತ ದೊಡ್ಡದು ಹದಿನೆಂಟು ಅಂತಸ್ತಿನ ಎತ್ತರದ್ದು. ಅದರೊಳಗಿನ ದೂರದರ್ಶಕಕ್ಕೆ ವೀಕ್ಷಣಾಲಯದ ನಿರ್ದೇಶಕರಾಗಿದ್ದ ನಿಕೊಲಸ್ ಮೇಯಾಲ್ ಅವರ ಹೆಸರು. ಇದು ಕೆಲಸ ಆರಂಭಿಸಿದ್ದು 1973ರಲ್ಲಿ. ಕನ್ನಡಿಯ ವ್ಯಾಸ 4 ಮೀಟರ್, ತೂಕ 15 ಟನ್. ಆಕಾಶದತ್ತ ತಿರುಗುವ ಒಟ್ಟು ಭಾಗದ ತೂಕ 375 ಟನ್. ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಅಕ್ಷದ ಮೇಲೆ ನಿಲ್ಲಿಸಿದ, ದೇವಸ್ಥಾನದ ತೇರಿನಂತಹ ಭಾರೀ ಯಂತ್ರ. ವೆರಾ ರೂಬಿನ್ ಮತ್ತು ಅವರ ಸಹೋದ್ಯೋಗಿಗಳು ಸುರುಳಿ ಗೆಲಾಕ್ಸಿಗಳ ರೋಹಿತವನ್ನು ಪಡೆದದ್ದು ಇಲ್ಲಿ ಮತ್ತು ಚಿಲಿಯಲ್ಲಿರುವ ಇದರ ಜೋಡಿ ದೂರದರ್ಶಕದಲ್ಲಿ. ಗೆಲಾಕ್ಸಿಯ ಅಂಚಿನ ನಕ್ಷತ್ರಗಳೂ ನಿರೀಕ್ಷೆಗೆ ಮೀರಿದ ವೇಗದಲ್ಲಿ ಸುತ್ತುತ್ತಿವೆಯೆಂದೂ ಅವನ್ನು ಹಿಡಿದಿಡಲು ಕಣ್ಣಿಗೆ ಕಾಣದ ಕಪ್ಪು ದ್ರವ್ಯವಿರಬೇಕೆಂದೂ ಆ ರೋಹಿತಗಳು ಸೂಚಿಸಿದವು. ಒಂದೊಂದು ಗೆಲಾಕ್ಸಿಗೂ ಗಂಟೆಗಟ್ಟಲೆ ಕಾಯಬೇಕಾಗಿದ್ದ ಕಾಲವದು.

ಅನಂತರ ಕಾಲ ಬದಲಾಯಿತು. 1990ರ ದಶಕದಲ್ಲಿ ಹವಾಯಿಯ ಕೆಕ್‌ನಂಥ 10 ಮೀಟರಿನ ದೂರದರ್ಶಕಗಳು ಬಂದವು. 2012ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಪರಿಶೀಲನಾ ಸಮಿತಿಯು, ಹೊಸದಕ್ಕೆ ಹಣ ಬೇಕಾದರೆ ಹಳೆಯದರಿಂದ ಕೈ ತೆಗೆಯಬೇಕೆಂದು ಶಿಫಾರಸು ಮಾಡಿತು. ಕೈಬಿಡಬೇಕಾದವುಗಳ ಪಟ್ಟಿಯಲ್ಲಿ ಮೇಯಾಲ್ ದೂರದರ್ಶಕವೂ ಇತ್ತು. ಆಗ ಅದಕ್ಕೆ ಮೂವತ್ತೊಂಬತ್ತು ವರ್ಷ. ಸರ್ಕಾರಿ ನೌಕರನಾಗಿದ್ದರೆ ಇನ್ನೂ ಎರಡು ದಶಕ ಸೇವೆ ಉಳಿದಿರುತ್ತಿತ್ತು!

ಅದನ್ನು ಉಳಿಸಿದ್ದು ಯಾವುದು? ಅದರ ತೂಕ. ಹೊಸ ಕಾಲದ ದೂರದರ್ಶಕಗಳನ್ನು ಹಗುರವಾಗಿ, ಲೆಕ್ಕಾಚಾರದಿಂದ ಕಟ್ಟುತ್ತಾರೆ. ಆದರೆ 1960ರ ದಶಕದ ಎಂಜಿನಿಯರರು ಉಕ್ಕಿನ ವಿಷಯದಲ್ಲಿ ಜಿಪುಣತನ ಮಾಡಿರಲಿಲ್ಲ. ಬರ್ಕ್ಲಿಯ ಲಾರೆನ್ಸ್ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳು ಒಂದೇ ಸಲ ಸಾವಿರಾರು ಗೆಲಾಕ್ಸಿಗಳ ರೋಹಿತ ಹಿಡಿಯುವ ಉಪಕರಣವೊಂದನ್ನು ಯೋಚಿಸಿದ್ದರು. ಅದನ್ನು ಕೊಳವೆಯ ತುದಿಯಲ್ಲಿ, ಕನ್ನಡಿಯ ಮೇಲುಗಡೆ ಕೂರಿಸಬೇಕು. ಹಲವು ಟನ್ನುಗಳ ಆ ಹೊರೆಯನ್ನು ಬಾಗದೆ ಹೊರಬಲ್ಲ ಯಂತ್ರ ಬೇಕಿತ್ತು. ಹಳೆಯ ಮೇಯಾಲ್ ಅದಕ್ಕೆ ಸಿದ್ಧವಾಗಿಯೇ ನಿಂತಿತ್ತು. ಅಮೆರಿಕದ ಇಂಧನ ಇಲಾಖೆ ಮುಖ್ಯವಾಗಿ ಹಣ ಕೊಟ್ಟಿತು. ಉಪಕರಣದ ಹೆಸರನ್ನು ಮೊದಲಕ್ಷರಗಳಿಂದ ಡೆಸಿ ಎಂದು ಕರೆಯುತ್ತಾರೆ. (ನಮ್ಮ "ದೇಸಿ"ಗೂ ಇದಕ್ಕೂ ಸಂಬಂಧವಿಲ್ಲ.)

2018ರ ಫೆಬ್ರವರಿಯಲ್ಲಿ ದೂರದರ್ಶಕವನ್ನು ಮುಚ್ಚಿ, ಅದರ ತುದಿಭಾಗವನ್ನೇ ಕಳಚಿ ಇಳಿಸಿದರು. ಕನ್ನಡಿ ಹಳೆಯದೇ, ಗುಮ್ಮಟವೂ ಹಳೆಯದೇ. ಮೇಲೆ ಮಾತ್ರ ಆರು ಹೊಸ ಮಸೂರಗಳು ಬಂದವು, ದೊಡ್ಡದರ ವ್ಯಾಸ 1.1 ಮೀಟರ್. ಅವುಗಳಿಂದಾಗಿ ಆಕಾಶದಲ್ಲಿ 3.2 ಡಿಗ್ರಿ ಅಗಲದ ವೃತ್ತವೊಂದು ಒಟ್ಟಿಗೆ ಕಾಣುತ್ತದೆ; ಹುಣ್ಣಿಮೆಯ ಚಂದ್ರ ಅರ್ಧ ಡಿಗ್ರಿ ಎಂಬುದನ್ನು ನೆನಪಿಸಿಕೊಂಡರೆ ಅದು ಎಷ್ಟು ವಿಶಾಲವೆಂಬುದು ತಿಳಿಯುತ್ತದೆ. ಆ ಬಿಂಬ ಬೀಳುವಲ್ಲಿ 5,000 ಪುಟ್ಟ ರೋಬಾಟುಗಳು. ಪ್ರತಿಯೊಂದೂ ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಯೊಂದನ್ನು ತನಗೆ ಗೊತ್ತುಮಾಡಿದ ಗೆಲಾಕ್ಸಿಯ ಬಿಂಬಕ್ಕೆ ಸರಿಯಾಗಿ ತಂದು ನಿಲ್ಲಿಸುತ್ತದೆ. ಎಳೆಗಳಲ್ಲಿ ಹರಿದ ಬೆಳಕು ಕೆಳಗಿನ ಕೋಣೆಯಲ್ಲಿರುವ ಹತ್ತು ರೋಹಿತಮಾಪಕಗಳನ್ನು ಸೇರುತ್ತದೆ. ನಮ್ಮ ಹೆಂಚಿನ ಸಂದಿನ ಬಿಸಿಲಕೋಲು ಮತ್ತು ಪಟ್ಟಕ, ಐದು ಸಾವಿರ ಪಟ್ಟು!

ಇದಕ್ಕೆ ಮೊದಲು ನ್ಯೂಮೆಕ್ಸಿಕೊದ ಸ್ಲೋನ್ ಸಮೀಕ್ಷೆಯಲ್ಲಿ ಅಲ್ಯುಮಿನಿಯಂ ತಟ್ಟೆಗಳಿಗೆ ತೂತು ಕೊರೆದು, ಹಗಲು ಹೊತ್ತು ಜನ ಕುಳಿತು ಒಂದೊಂದು ಎಳೆಯನ್ನೂ ಕೈಯಿಂದಲೇ ಸಿಕ್ಕಿಸುತ್ತಿದ್ದರು. ಮೊದಲು 640, ಆಮೇಲೆ 1,000 ಎಳೆಗಳು. ಮೊಗ್ಗು ಪೋಣಿಸುವಂಥ ಆ ಕೆಲಸ ಮಾಡಿದವರ ತಾಳ್ಮೆಗೆ ನನ್ನ ನಮಸ್ಕಾರ. ಡೆಸಿಯ ರೋಬಾಟುಗಳಿಗೆ ಅದಕ್ಕೆ ಕೆಲವೇ ನಿಮಿಷ ಸಾಕು.

ರೋಹಿತದಿಂದ ಏನು ತಿಳಿಯುತ್ತದೆ? ಗೆಲಾಕ್ಸಿಯ ಬೆಳಕು ನಮ್ಮತ್ತ ಬರುವಷ್ಟರಲ್ಲಿ ವಿಶ್ವ ಹಿಗ್ಗಿರುವುದರಿಂದ ಅದರ ರೇಖೆಗಳು ಕೆಂಪಿನ ಕಡೆಗೆ ಸರಿದಿರುತ್ತವೆ. ಎಷ್ಟು ಸರಿದಿವೆ ಎಂದು ಅಳೆದರೆ ದೂರ ಸಿಗುತ್ತದೆ. ಬರೀ ಚಿತ್ರವಾಗಿದ್ದ ಆಕಾಶಕ್ಕೆ ಆಳ ಬರುತ್ತದೆ. ವಿಶ್ವದ ಬಾಲ್ಯದಲ್ಲಿ ಎದ್ದ ಶಬ್ದದ ಅಲೆಗಳು ಗೆಲಾಕ್ಸಿಗಳ ಹಂಚಿಕೆಯಲ್ಲಿ ಒಂದು ಗುರುತು ಬಿಟ್ಟಿವೆ. ಇಂದಿನ ಅಳತೆಯಲ್ಲಿ ಅದು ಸುಮಾರು 49 ಕೋಟಿ ಜ್ಯೋತಿರ್ವರ್ಷ. ಇದೇ ಅಳತೆಕೋಲು. ಬೇರೆ ಬೇರೆ ಕಾಲದಲ್ಲಿ ಈ ಕೋಲು ಎಷ್ಟುದ್ದ ಕಾಣುತ್ತದೆ ಎಂಬುದರಿಂದ ವಿಶ್ವ ಹಿಗ್ಗಿದ ಚರಿತ್ರೆಯನ್ನು ಓದಬಹುದು. ಹಿಗ್ಗುವಿಕೆಯ ವೇಗವನ್ನು ಹೆಚ್ಚಿಸುತ್ತಿರುವ "ಕಪ್ಪು ಶಕ್ತಿ" ಎಂದೆಂದಿಗೂ ಒಂದೇ ಸಮನಾಗಿರುತ್ತದೆಂದು ನಂಬಿಕೆಯಿತ್ತು. ಒಂದೂವರೆ ಕೋಟಿಯಷ್ಟು ಗೆಲಾಕ್ಸಿ ಮತ್ತು ಕ್ವೇಸಾರುಗಳನ್ನು ಅಳೆದು 2025ರ ಮಾರ್ಚಿನಲ್ಲಿ ಡೆಸಿ ತಂಡ ಹೇಳಿದ್ದೇನೆಂದರೆ, ಇತರ ಮಾಪನಗಳನ್ನೂ ಜೊತೆಗಿಟ್ಟು ನೋಡಿದಾಗ ಆ ಶಕ್ತಿ ಕಾಲಕ್ರಮದಲ್ಲಿ ಕುಂದುತ್ತಿರುವಂತೆ ಕಾಣುತ್ತದೆ. "ಕಂಡುಹಿಡಿದೆವು" ಎನ್ನಲು ಭೌತವಿಜ್ಞಾನಿಗಳು ಕೇಳುವ ಮಟ್ಟಕ್ಕೆ ಅದು ಮುಟ್ಟಿರಲಿಲ್ಲ. ಅವರೂ ಹಾಗೆ ಹೇಳಿಕೊಳ್ಳಲಿಲ್ಲ. ಆ ಸಂಯಮ ನನಗೆ ಫಲಿತಾಂಶದಷ್ಟೇ ಇಷ್ಟವಾಯಿತು.

ಇನ್ನು ಗುತ್ತಿಗೆಯ ಮಾತು. 2005ರಲ್ಲಿ ಅದೇ ಬೆಟ್ಟದ ಕಣಿವೆಯೊಂದರಲ್ಲಿ ವೆರಿಟಾಸ್ ಎಂಬ ಹೊಸ ವೀಕ್ಷಣಾಲಯದ ಕೆಲಸ ಶುರುವಾದಾಗ ತೊಹೊನೊ ಓಧಮ್ ಜನ ನ್ಯಾಯಾಲಯಕ್ಕೆ ಹೋದರು. ಕೊನೆಗೆ ಆ ಯೋಜನೆ ಬೇರೆ ಬೆಟ್ಟಕ್ಕೆ ಹೋಯಿತು. ಅವರು ವಿಜ್ಞಾನದ ವಿರೋಧಿಗಳೆಂದು ಆಗ ಅಂದುಕೊಂಡವರಿದ್ದರೆ ಅದು ತಪ್ಪೆಂದೇ ನನ್ನ ಅಭಿಪ್ರಾಯ. ಒಮ್ಮೆ ಚಂದ್ರನನ್ನು ತೋರಿಸಿ ಪಡೆದ ಒಪ್ಪಿಗೆ ಎಲ್ಲ ಕಾಲಕ್ಕೂ, ಎಲ್ಲ ಕಟ್ಟಡಕ್ಕೂ ಸಲ್ಲುವುದಿಲ್ಲ. ಡೆಸಿಗೆ ಹೊಸ ಗುಮ್ಮಟವನ್ನು ಕಟ್ಟದೆ ಹಳೆಯದರೊಳಗೇ ಜಾಗ ಹುಡುಕಿದ್ದು ಹಣ ಉಳಿಸಲು ಇದ್ದಿರಬಹುದು. ಬೆಟ್ಟಕ್ಕೂ ಅದರಿಂದ ಒಳ್ಳೆಯದೇ ಆಯಿತು.

2022ರ ಜೂನ್‌ನಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಕಾಡುಗಿಚ್ಚು 17ರ ಬೆಳಗಿನ ಜಾವ ಶಿಖರಕ್ಕೇ ಏರಿತು. ಎಲ್ಲರನ್ನೂ ಮೊದಲೇ ಇಳಿಸಿದ್ದರಿಂದ ಪ್ರಾಣಹಾನಿಯಾಗಲಿಲ್ಲ. ವಸತಿಗೃಹವೂ ಸೇರಿ ನಾಲ್ಕು ಕಟ್ಟಡಗಳು ಸುಟ್ಟವು, ದೂರದರ್ಶಕಗಳು ಉಳಿದವು. ಸೆಪ್ಟೆಂಬರಿನಲ್ಲಿ ಐದು ಸಾವಿರ ರೋಬಾಟುಗಳು ಮತ್ತೆ ಅಲುಗಾಡಿದವು.

ಟೂಸಾನಿನ ಹುಡುಗನಿಗೆ ನಾನೂ ಒಂದು ಕೆಲಸ ಹೇಳಿದ್ದೇನೆ. ಮುಂದಿನ ಸಲ ಬೆಟ್ಟಕ್ಕೆ ಹೋದಾಗ ಗುಮ್ಮಟಕ್ಕೆ ಬೆನ್ನು ಮಾಡಿ, ದಕ್ಷಿಣಕ್ಕೆ ನಿಂತು, ಬಾಬೊಕಿವಾರಿಯ ಚಿತ್ರ ತೆಗೆದು ಕಳುಹಿಸಪ್ಪ ಎಂದು. ಇನ್ನೂ ಬಂದಿಲ್ಲ.